ಜಂಗು ತೆಗೆದ ಬಾಚಿ

ನಿವೃತ್ತಿಯಾದ ಮೇಲೆ ಕೆಲವರು ಗುಡಿಯ ಕಟ್ಟೆ ಹಿಡಿಯುತ್ತಾರೆ, ಕೆಲವರು ಸೊಸೆಯ ತಪ್ಪು ಹಿಡಿಯುತ್ತಾರೆ. ನಾನು ಜಂಗು ತಿಂದ, ತುಕ್ಕು ಹಿಡಿದ ಹತಾರಗಳ ಬೆನ್ನು ಹತ್ತಿದೆ. ಮೊಬೈಲಿನಲ್ಲಿ ಯಾರೋ ಒಬ್ಬ ಹಾಳಾದ ಕೊಡಲಿಯನ್ನು ತಿಕ್ಕಿ ಬೆಳ್ಳಿಯಂತೆ ಮಾಡಿದ್ದನ್ನು ನೋಡಿದ್ದೇ ನೆಪ. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ ಎಂದು ಸ್ಕೂಟರಿನಲ್ಲಿ ತಿರುಗಿ, ಗುಜರಿ ಅಂಗಡಿಗಳಿಂದ ಕುಡುಗೋಲು, ಉಳಿ, ಇಕ್ಕಳ ಎಲ್ಲವನ್ನೂ ತೂಕಕ್ಕೆ ತಂದು ಬೆಟಗೇರಿಯ ನಮ್ಮ ಹಿತ್ತಲಿನಲ್ಲಿ ಗುಡ್ಡೆ ಹಾಕಿದೆ. ಹುಣಸೆಹಣ್ಣಿನ ನೀರಿಗೆ ಉಪ್ಪು ಹಾಕಿ ನೆನೆಸುವುದು, ಸೀಮೆಎಣ್ಣೆ ಸಿಗದಾಗ ಡೀಸೆಲ್ ಹಚ್ಚುವುದು, ತಂತಿಯ ಬ್ರಶ್ಶಿನಿಂದ ತಿಕ್ಕುವುದು, ಕೊನೆಗೆ ಕೊಬ್ಬರಿ ಎಣ್ಣೆಯ ಕೈ ಆಡಿಸುವುದು. ಸಾರಿಗೆ ಹುಣಸೆಹಣ್ಣು ಉಳಿಯುತ್ತಿಲ್ಲವೆಂದು ಹೆಂಡತಿ ದಿನಾ ಗೊಣಗುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಚೇರಿಯಲ್ಲಿ ಇಡೀ ಜೀವಮಾನ ಕಾಗದ ತಿರುವಿ ಹಾಕಿದವನಿಗೆ, ಕಣ್ಣೆದುರಿಗೇ ಒಂದು ವಸ್ತು ಹೊಸದಾಗುವುದು ಎಂಥ ಸುಖ ಎಂದು ಅವಳಿಗೆ ಹೇಗೆ ತಿಳಿಯಬೇಕು.

ಓಣಿಯಲ್ಲಿ ಹೆಸರಾಯಿತು. ಒಂದಿಬ್ಬರು ತಮ್ಮ ಈಳಿಗೆಮಣೆ ತಂದು ಕೊಟ್ಟರು. ನಾನು ಉಬ್ಬಿದೆ. ಆ ಉಬ್ಬಿನಲ್ಲೇ ಹಿಂದಿನ ಓಣಿಯ ಅಕ್ಕಾರ ಮನೆಗೆ ನಾನಾಗಿಯೇ ಹೋದದ್ದು. ಕರೆದಿರಲಿಲ್ಲ, ಬೇಕು ಅಂದಿರಲಿಲ್ಲ.

ಓಣಿಗೆಲ್ಲ ಅಕ್ಕ ಎನಿಸಿಕೊಂಡ ಇವರು ಬಡಿಗರ ಮನೆಯವರು. ಗಂಡ ಡಂಬಳದ ಕಡೆಯ ರೈತರಿಗೆಲ್ಲ ಕೂರಿಗೆ, ಕುಂಟೆ ಮಾಡಿಕೊಟ್ಟವರು, ತೀರಿಕೊಂಡು ಬಹಳ ವರ್ಷಗಳಾಗಿವೆ. ಮಗ ಫರ್ನಿಚರ್ ಅಂಗಡಿಯಲ್ಲಿ ಮಷಿನ್ನಿನ ಮುಂದೆ ನಿಂತು ಪ್ಲೈವುಡ್ ಕೊಯ್ಯುತ್ತಾನೆ. ಅಪ್ಪನ ಹತಾರಗಳನ್ನು ಬೇಕೆಂದವರಿಗೆ ಕೊಟ್ಟುಬಿಟ್ಟಿದ್ದ. ಉಳಿದದ್ದು ಮರ ಕೆತ್ತುವ ಬಾಚಿ ಒಂದೇ, ಅದೂ ಅಕ್ಕ ಹಟ ಹಿಡಿದು ಉಳಿಸಿಕೊಂಡಿದ್ದರು. ಮಹಾನವಮಿಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಅದನ್ನು ಮಣೆಯ ಮೇಲಿಟ್ಟು ಕಾಯಿ ಒಡೆಯುತ್ತಿದ್ದರು. ಆ ಮನೆಯಲ್ಲಿ ಗಂಡನದು ಅಂತ ಉಳಿದಿದ್ದ ವಸ್ತು ಅದೊಂದೇ.

ಹೋದ ವರ್ಷ ನವಮಿ ಹತ್ತಿರ ಬಂದಾಗ ಆ ಬಾಚಿಯನ್ನು ನೋಡಿದೆ. ಮೈತುಂಬ ಕೆಂಪುಕಂದು ಪದರ ಗಟ್ಟಿಯಾಗಿ ಕೂತಿತ್ತು, ಹಿಡಿಯುವ ಮರದ ಕಾವು ಸೀಳಿತ್ತು. ಎರಡು ದಿನದಲ್ಲಿ ಹೊಸದರಂತೆ ಮಾಡಿಕೊಡುತ್ತೇನೆ ಅಂದೆ. ಅಕ್ಕ ಇರಲಿ ಬಿಡ್ರಿ ಸಾಹೇಬ್ರ ಅಂದರು. ಕಚೇರಿಯಲ್ಲಿದ್ದವನೆಂದು ಓಣಿಯವರೆಲ್ಲ ನನ್ನನ್ನು ಹಾಗೆಯೇ ಕರೆಯುವುದು. ಸಾಹೇಬ ಬಿಡಬೇಕಲ್ಲ, ಕೈಯಿಂದ ಇಸಿದುಕೊಂಡೇ ಬಂದೆ.

ಅಷ್ಟು ಮನಸ್ಸಿಟ್ಟು ನಾನು ಯಾವ ಹತಾರವನ್ನೂ ತಿಕ್ಕಿರಲಿಲ್ಲ. ಪದರ ಏಳುವಾಗ ಪುಡಿಯಾಗಿ ಉದುರಲಿಲ್ಲ, ಜಿಡ್ಡುಜಿಡ್ಡಾಗಿ ಬೆರಳಿಗೆ ಅಂಟಿತು. ವಿಚಿತ್ರ ಜಂಗು ಅಂದುಕೊಂಡೆ, ಅಷ್ಟೇ. ಕಬ್ಬಿಣ ಬೆಳ್ಳಗಾದ ಮೇಲೆ ಕಲ್ಲಿಗೆ ಹಿಡಿದು ಬಾಯಿ ಸಾಣೆ ಮಾಡಿದೆ. ಹಳೆಯ ಕಾವು ಕಿತ್ತು ಬಚ್ಚಲ ಒಲೆಗೆ ಹಾಕಿದೆ, ಆ ದಿನ ಅದರ ಉರಿಯಲ್ಲೇ ಕಾದ ನೀರಲ್ಲಿ ಮಿಂದೆ. ಹೊಸ ಕಾವು ಹಾಕಿ ವಾರ್ನಿಶ್ ಬಳಿದೆ. ಹೊಸ ಟವೆಲ್ಲಿನಲ್ಲಿ ಸುತ್ತಿಕೊಂಡು, ಮದುವಣಗಿತ್ತಿಯನ್ನು ಕರೆದುಕೊಂಡು ಹೋದ ಹಾಗೆ ಹೋಗಿ ಅಕ್ಕಾರ ಮುಂದೆ ಬಿಚ್ಚಿದೆ.

ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೆಲ್ಲಗೆ ನನ್ನ ಕಡೆಗೇ ಸರಿಸಿದರು.

“ಇದು ನಮ್ಮದಲ್ಲರಿ ಸಾಹೇಬ್ರ. ನಿಮ್ಮಲ್ಲಿ ಭಾಳ ಹತಾರ ಅದಾವಲ್ಲ, ಅದರಾಗ ಅದಲಬದಲ ಆಗೇತಿ.”

ನಕ್ಕೆ. ಇದೇ ನಿಮ್ಮದು, ಜಂಗು ಹೋದದ್ದಕ್ಕೆ ಗುರುತು ಸಿಗುತ್ತಿಲ್ಲ ಅಂದೆ. ಅವರು ನಗಲಿಲ್ಲ. ನಮ್ಮ ಬಾಚಿಗೆ ಹತ್ತಿದ್ದು ಜಂಗಲ್ಲ, ಕುಂಕುಮ ಎಂದರು. ಗಂಡನ ಕಾಲದಿಂದಲೂ ಪ್ರತಿ ನವಮಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅದಕ್ಕೆ ಹಚ್ಚುತ್ತಾರೆ. ಹಳೆಯದನ್ನು ಒರೆಸುವ ಪದ್ಧತಿ ಅವರ ಮನೆಯಲ್ಲಿಲ್ಲ, ಅದರ ಮೇಲೆಯೇ ಹೊಸದು. ಒಳಗಿನ ಪದರಗಳೆಲ್ಲ ಗಂಡ ತಮ್ಮ ಕೈಯಾರೆ ಹಚ್ಚಿದ್ದು.

ಆ ಜಿಡ್ಡು ಬೆರಳಿನ ಮೇಲೆ ಇನ್ನೂ ಇದ್ದಂತೆ ಅನಿಸಿ ಕೈ ಹಿಂದಕ್ಕೆ ಎಳೆದುಕೊಂಡೆ. ಮುಚ್ಚಿಡಬೇಕೆಂದು ಅನಿಸಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅದನ್ನು ಜಂಗು ಅಂತ ತಿಳಿದು ನಾನೇ ಕೆರೆದು ತೆಗೆದೆ ಅಂದೆ. ಅಕ್ಕ ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮಕ್ಕಳು ಸುಳ್ಳು ಹೇಳಿದಾಗ ತಾಯಂದಿರು ನೋಡುವ ಬಗೆ ಅದು.

“ಕುಂಕುಮಕ್ಕ ಯಾರರ ಜಂಗ ಅಂತಾರೇನ್ರಿ? ಕಲತಾವ್ರು ನೀವು.”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ತಪ್ಪು ಎಷ್ಟು ದಡ್ಡತನದ್ದಾಗಿತ್ತು ಎಂದರೆ, ಅದನ್ನು ನಾನೇ ಒಪ್ಪಿಕೊಂಡರೂ ಯಾರೂ ನಂಬುವಂತಿರಲಿಲ್ಲ. ಹಳೆಯ ಕಾವಾದರೂ ಇದ್ದಿದ್ದರೆ ತೋರಿಸಬಹುದಿತ್ತು. ಅದು ಬೂದಿಯಾಗಿ ಪಾತ್ರೆ ತಿಕ್ಕಲಿಕ್ಕೆ ಹೋಗಿತ್ತು.

ಮರುದಿನ ಬೆಳಿಗ್ಗೆ ಅಕ್ಕ ತಾವೇ ನಮ್ಮ ಮನೆಗೆ ಬಂದರು. ನಿಮಗೆ ಗುರುತು ಹತ್ತಲಿಕ್ಕಿಲ್ಲ, ನಾನೇ ಹುಡುಕುತ್ತೇನೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿನ ಗುಡ್ಡೆಯ ಮುಂದೆ ಕೂತರು. ಹೆಂಡತಿ ಚಹಾ ತಂದರೆ ಆಮೇಲೆ ಅಂದರು. ಒಂದೊಂದನ್ನೇ ಎತ್ತಿ ನೋಡಿ ಪಕ್ಕಕ್ಕಿಡುತ್ತಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಪೊಲೀಸರು ಕಳ್ಳನ ಮನೆ ಜಡ್ತಿ ಮಾಡಿ ಹುಡುಕುವಾಗ ಕಳ್ಳ ನಿಲ್ಲುವುದೂ ಹೀಗೆಯೇ ಇರಬೇಕು. ಅಡಿಯಿಂದ ಅವರು ಒಂದು ಬಾಚಿ ಎಳೆದರು. ಅದನ್ನು ನಾನು ಲಕ್ಷ್ಮೇಶ್ವರದ ಗುಜರಿಯಿಂದ ತಂದಿದ್ದೆ, ಇನ್ನೂ ಕೈ ಹಚ್ಚಿರಲಿಲ್ಲ. ಕೆಂಪು ಜಂಗು ದಪ್ಪಗೆ ಕೂತಿತ್ತು. ಅಕ್ಕ ಅದರ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಎರಡೂ ಕೈಯಿಂದ ಎತ್ತಿ ಕಣ್ಣಿಗೆ ಒತ್ತಿಕೊಂಡರು.

ಸಿಕ್ಕಿತು ಎಂದು ಹೆಂಡತಿಗೆ ತೋರಿಸಿದರು. ಆ ಮುಖದ ಬೆಳಕು ನೋಡಿಯೂ ನಾನು ಸುಮ್ಮನಿರಲಿಲ್ಲ. ಅಕ್ಕಾರ, ಅದು ತೂಕಕ್ಕೆ ತಂದದ್ದು, ಯಾರದೋ ಏನೋ, ನಿಮ್ಮದು ಒಳಗೈತಿ ಅಂದೆ. ಅವರ ಮುಖ ಬಾಡಿತು. ಬಾಚಿಯನ್ನು ಎದೆಗೆ ಇನ್ನಷ್ಟು ಹತ್ತಿರ ಹಿಡಿದರು.

“ಆ ಹೊಳಿಯೂದು ನೀವ ಇಟಗೋರಿ ಸಾಹೇಬ್ರ. ಇದೊಂದ ನನಗ ಕೊಟ್ಟಬಿಡ್ರಿ.”

ಕೈ ಚಾಚಿ ಬೇಡಿದ ಹಾಗಿತ್ತು ಆ ದನಿ. ಅವರ ವಸ್ತುವಿನ ಮೇಲೆ ನನಗೆ ಆಸೆ ಎಂದು ತಿಳಿದಿದ್ದಾರೆ, ನಾನು ಖರೆ ಹೇಳಿದಷ್ಟೂ ಆ ಸಂಶಯ ಗಟ್ಟಿಯಾಗುತ್ತದೆ. ಹಿಂದಿನಿಂದ ಹೆಂಡತಿ, ಕೊಟ್ಟುಬಿಡ್ರಿ ಇನ್ನ, ಅಂದಳು. ಕೊಟ್ಟೆ. ಅಕ್ಕ ಹೋದ ಮೇಲೆ ಅವಳೂ ನನ್ನನ್ನು ಒಳಗೆ ಕರೆದು, ಅಕ್ಕ ಒಯ್ದದ್ದು ನಿಜವಾಗಿಯೂ ಯಾರದು ಎಂದು ಕೇಳಿದಳು. ಇಷ್ಟು ವರ್ಷ ಬಾಳಿದವಳ ಬಾಯಲ್ಲಿ ಆ ಪ್ರಶ್ನೆ ಬಂದದ್ದಕ್ಕೆ ಅವತ್ತು ಊಟ ಸೇರಲಿಲ್ಲ.

ನವಮಿಯ ದಿನ ಅಕ್ಕ ಹೇಳಿಕಳುಹಿಸಿದರು. ಹೋಗದಿದ್ದರೆ ಇನ್ನೊಂದು ಅರ್ಥವಾಗುತ್ತದೆಂದು ಹೋದೆ. ಮಣೆಯ ಮೇಲೆ ಗುಜರಿಯ ಬಾಚಿ, ಅದಕ್ಕೆ ಚೆಂಡುಹೂವಿನ ಸರ, ಜಂಗಿನ ಮೇಲೆ ಹಸಿ ಕುಂಕುಮ. ಬಂದ ಬಳಗದವರಿಗೆಲ್ಲ ಅಕ್ಕ ನನ್ನನ್ನು ತೋರಿಸಿ, ಇವರು ಹುಡುಕಿ ಕೊಟ್ಟರು, ಇಲ್ಲದಿದ್ದರೆ ಮಣೆ ಬರಿದಾಗುತ್ತಿತ್ತು ಎಂದು ಹೇಳಿದರು. ಹುಡುಕಿದವರು ತಾವು ಎಂಬುದನ್ನು ನನ್ನ ಮಾನ ಉಳಿಸಲಿಕ್ಕೆ ಬಿಟ್ಟುಬಿಟ್ಟರು. ಮಗ ಬಗ್ಗಿ ನಮಸ್ಕರಿಸಿದ, ಅವನ ಹಿಂದೆ ನಾನೂ ಬಗ್ಗಿದೆ. ಕಾಯಿಯ ಅರ್ಧ ಹೋಳು ನನ್ನ ಕೈಗೆ ಬಂತು. ಅದನ್ನು ಮನೆಗೆ ಒಯ್ಯುವಷ್ಟು ಮುಖ ನನಗಿರಲಿಲ್ಲ, ದಾರಿಯಲ್ಲಿ ಸಿಕ್ಕ ಆಕಳಿಗೆ ತಿನ್ನಿಸಿದೆ.

ಅವತ್ತಿನಿಂದ ತಂತಿಯ ಬ್ರಶ್ ಮುಟ್ಟಿಲ್ಲ. ಅಕ್ಕಾರ ಗಂಡನ ಬಾಚಿ ನನ್ನ ಹತ್ತಿರವೇ ಇದೆ. ಈ ಸಲ ಮಳೆಗಾಲ ಶುರುವಾದಾಗ, ಹೆಂಡತಿ ಕಾಣದ ಹೊತ್ತಿನಲ್ಲಿ ಅದರ ಎಣ್ಣೆಯನ್ನೆಲ್ಲ ಬೂದಿ ಹಚ್ಚಿ ತೊಳೆದು ಹಿತ್ತಲ ಗೋಡೆಯ ಮೇಲೆ ಇಟ್ಟೆ. ಮಳೆಯಲ್ಲಿ ನೆನೆಯಲಿ, ಕೆಂಪಾಗಲಿ, ಆಗಲಾದರೂ ಅಕ್ಕಾರಿಗೆ ಗುರುತು ಸಿಕ್ಕೀತು ಎಂಬ ಹುಚ್ಚು. ಈಗ ಚೆನ್ನಾಗಿ ಜಂಗು ಹತ್ತಿದೆ. ಅಕ್ಕ ವಾರಕ್ಕೊಮ್ಮೆಯಾದರೂ ಆ ಗೋಡೆಯ ಪಕ್ಕದಲ್ಲೇ ಹಾದು ಹೋಗುತ್ತಾರೆ, ಆರಾಮ ಇದ್ದೀರೇನ್ರಿ ಎಂದು ನನ್ನನ್ನು ಮಾತಾಡಿಸುತ್ತಾರೆ. ಬಾಚಿಯ ಕಡೆ ನೋಡುವುದಿಲ್ಲ. ಅವರದು ಅವರಿಗೆ ಸಿಕ್ಕಿದೆಯಲ್ಲ.