ತೊಟ್ಟಿಲ ಹಗ್ಗದ ಆಚೆ ತುದಿ

“ಈ ಹಗ್ಗಾ ಜಗ್ಗಾಕಿ ಎಲ್ಲಿ ಅದಾಳ?” ಪಕ್ಕದ ಮನೆಯ ಪೀಟರ್ ಅವರ ಗೋಡೆಯ ಮೇಲಿದ್ದ ಹಳೇ ಫೋಟೋ ನೋಡುತ್ತ ನಮ್ಮವ್ವ ಕೇಳಿದಳು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾವಾಗ ಶಿಕಾಗೊ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿದ್ದೆವು. ಇಳಕಲ್ಲಿನಿಂದ ಬಂದಿದ್ದ ಅವ್ವನನ್ನು ಪೀಟರ್ ಕಾಫಿಗೆ ಕರೆದಿದ್ದರು. ಎಂಬತ್ತು ದಾಟಿದ ಅವರು ಹುಟ್ಟಿದ್ದು ಸ್ವಿಟ್ಜರ್‌ಲೆಂಡಿನ ಬೆಟ್ಟದೂರಿನಲ್ಲಿ. ಫೋಟೋದಲ್ಲಿದ್ದದ್ದು ಅಲ್ಲಿನ ಅವರ ಮನೆಯ ಒಳಗಿನ ನೋಟ: ಮರದ ಗೋಡೆ, ಮೈ ಕಾಯಿಸಿಕೊಳ್ಳುವ ದೊಡ್ಡ ಕಲ್ಲಿನ ಒಲೆ, ಅದಕ್ಕೊರಗಿ ಕೂತ ಅಪ್ಪ, ನೆಲದ ಮೇಲೆ ಬಾಗಿದ ಕಾಲುಗಳದೊಂದು ತೊಟ್ಟಿಲು. ತೊಟ್ಟಿಲಲ್ಲಿದ್ದ ಕೂಸೇ ಪೀಟರ್. ಆಗ ಮನೆಯಲ್ಲಿದ್ದವರು ತಂದೆ, ತಾಯಿ, ಕೂಸು ಮೂವರೇ. ಪೀಟರ್‌ಗೆ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದರು. ತಾಯಿಯ ಒಂದು ಫೋಟೋವೂ ಇರಲಿಲ್ಲ.

ತೊಟ್ಟಿಲಿಗೆ ಕಟ್ಟಿದ ಹಗ್ಗವೊಂದು ಫೋಟೋದ ಅಂಚಿನವರೆಗೆ ಹೋಗಿತ್ತು. ಅದೇನೆಂದು ತಮಗೆ ಇವತ್ತಿಗೂ ತಿಳಿದಿಲ್ಲ ಅಂದರು ಪೀಟರ್.

ಅವ್ವ ಮಗ್ಗದ ಮುಂದೆ ಕೂತೇ ಹಗ್ಗ ಜಗ್ಗಿ ನಮ್ಮನ್ನೆಲ್ಲ ತೂಗಿದವಳು. “ಹಗ್ಗ ಎಷ್ಟು ಬಿಗಿ ಐತಿ ನೋಡು. ಉಳಿದದ್ದೆಲ್ಲಾ ಚಂದ ಕಾಣತೈತಿ, ತೊಟ್ಟಿಲಷ್ಟ ಮಸುಕಾಗೇತಿ. ಯಾಕಂದ್ರ ಅದು ತೂಗಾಕತ್ತೈತಿ. ಇವರವ್ವ ಆ ಕಡೆ ಕೆಲಸ ಮಾಡಕೋತ ಜಗ್ಗಾಕತ್ತಾಳ,” ಅಂದಳು.

ಅವ್ವ ಹೇಳಿದ್ದನ್ನು ನಾನು ಪೀಟರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎದ್ದು ಬಂದು, ಹಗ್ಗ ಮುಗಿಯುವ ಕಡೆ ಫ್ರೇಮಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು.

ಆಮೇಲೆ ಮನೆಗೆ ಯಾರೇ ಬಂದರೂ ಅವರು ಆ ಫೋಟೋ ತೋರಿಸುತ್ತಿದ್ದರು. “ಇದು ನಾನು, ಅಪ್ಪ, ಅಮ್ಮ,” ಎನ್ನುತ್ತಿದ್ದರು.