ಬೋರವ್ವನ ಕುರಿಗಳು ಮತ್ತು ಏಳೂ ನಲವತ್ತರ ಬಸ್ಸು

ಸಾವಳಗಿಯಿಂದ ಜಮಖಂಡಿಗೆ ಹೋಗುವ ದಾರಿಯ ತಿರುವಿನಲ್ಲಿ ಹತ್ತು ಮನೆಗಳ ಒಂದು ವಸ್ತಿ ಇದೆ. ಅಲ್ಲಿ ಬಸ್ಸು ನಿಲ್ಲಬೇಕು ಎಂದು ಬೋರ್ಡು ಹೇಳುತ್ತದೆ. ಬೋರ್ಡಿನ ಮಾತು ಯಾರು ಕೇಳುತ್ತಾರೆ? ತುಂಬಿದ ಬಸ್ಸು ಭರ್ರೆಂದು ಹೋಗಿಬಿಡುತ್ತಿತ್ತು, ಕಾಲೇಜು ಹುಡುಗಿಯರು ಪಾಸು ಹಿಡಿದುಕೊಂಡು ಧೂಳು ಕುಡಿಯುತ್ತ ನಿಲ್ಲುತ್ತಿದ್ದರು.

ವಸ್ತಿಯಲ್ಲಿ ಕುರಿ ಕಾಯುವ ಬೋರವ್ವ ಯಾರಿಗೂ ಅರ್ಜಿ ಕೊಡಲಿಲ್ಲ. ಬೆಳಿಗ್ಗೆ ಸರಿಯಾಗಿ ಏಳೂ ನಲವತ್ತಕ್ಕೆ ತನ್ನ ಅರವತ್ತು ಕುರಿಗಳನ್ನು ರಸ್ತೆ ದಾಟಿಸತೊಡಗಿದಳು. ಅಷ್ಟೇ.

ಬಸ್ಸು ನಿಲ್ಲದೆ ಏನು ಮಾಡೀತು? ಡ್ರೈವರ್ ಶಿವಾಜಿ ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ತಲೆ ಹೊರಗೆ ಹಾಕುತ್ತಿದ್ದ.

"ಏ ಆಯಿ, ನಿನ್ನ ಕುರಿಗೆ ದಿನಾ ಇದ ಟಾಯಮ್ ಸಿಗತೈತೇನಬೇ?"

ಬೋರವ್ವ ಅವನ ಕಡೆ ನೋಡಿದ್ದರೆ ಕೇಳಿ! ಕುರಿಗಳ ಕಡೆ ತಿರುಗಿ ದನಿ ಎತ್ತುತ್ತಿದ್ದಳು: "ಕಣ್ಣ ನೆತ್ತಿ ಮ್ಯಾಲ ಅದಾವೇನ ನಿಮಗ? ಸಾಲಿಗಿ ಹೋಗೊ ಹುಡುಗ್ಯಾರು ನಿಂತಾರ, ಕಾಣೂದಿಲ್ಲೇನ?"

ಪಾಪದ ಕುರಿಗಳು ಬೈಸಿಕೊಳ್ಳುತ್ತಿದ್ದವು, ಶಿವಾಜಿಯ ಕಿವಿ ಕೆಂಪಾಗುತ್ತಿತ್ತು. ಕೊನೆಯ ಹುಡುಗಿ ಬಸ್ಸು ಹತ್ತುವವರೆಗೆ ಕೊನೆಯ ಕುರಿ ರಸ್ತೆ ದಾಟುತ್ತಿರಲಿಲ್ಲ. ಹೀಗೆ ಒಂಬತ್ತು ವರ್ಷ. ಆ ಬಸ್ಸು ಹತ್ತಿದ ವಸ್ತಿಯ ಹುಡುಗಿ ಶೇವಂತಿ ಈಗ ಲೋಕಾಪುರದ ಕಡೆ ಟೀಚರು.

ಗಂಡ ಗಿರಮಲ್ಲಪ್ಪನಿಗೆ ಈ ದರ್ಬಾರು ನೋಡುವ ಯೋಗವೇ ಇರಲಿಲ್ಲ. ಒಂಬತ್ತಕ್ಕೆ ಮುಂಚೆ ಆ ಪುಣ್ಯಾತ್ಮ ಹಾಸಿಗೆ ಬಿಟ್ಟವನಲ್ಲ. ಎದ್ದು ಚಹಾ ಕುಡಿಯುತ್ತ ಹೆಂಡತಿಯನ್ನು ಕೆಣಕುತ್ತಿದ್ದ.

"ಬಸ್ಸಿಗೆ ಕುರಿ ಅಡ್ಡ ಬಿಡೂದೂ ಒಂದ ಕೆಲಸೇನ?"

"ನೀ ಮಲಗೂ ಕೆಲಸಕಿಂತ ಛಲೋ ಐತಿ" ಎನ್ನುತ್ತಿದ್ದಳು.

ಸಂಕ್ರಾಂತಿ ಆದ ಮೇಲೆ ಬೋರವ್ವ ಎರಡು ದಿನ ಜ್ವರದಲ್ಲಿ ಮಲಗಿದಳು, ಮೂರನೇ ದಿನ ಏಳಲಿಲ್ಲ. ಕುರಿ ಹಿಂಡು ಮಗನ ಹಿಂದೆ ಬೀಳಗಿಯ ಕಡೆ ಮೇಯಲು ಹೋಯಿತು. ವಸ್ತಿಯ ಗಂಡಸರು ಸುಮ್ಮನಿರುತ್ತಾರೆಯೇ? ತಿರುವಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದರು. "ವೀರಮಾತೆ ಬೋರವ್ವ ಅಮರ ರಹೇ." ಕಪ್ಪು ಕನ್ನಡಕ ಹಾಕಿದ ಎಂಟು ಮಂದಿಯ ದೊಡ್ಡ ದೊಡ್ಡ ಫೋಟೋ, ಮೂಲೆಯಲ್ಲಿ ಆಧಾರ್ ಕಾರ್ಡಿನಿಂದ ತೆಗೆದ ಬೋರವ್ವನ ಒಂದು ಚಿಕ್ಕ ಫೋಟೋ. ಅದರಲ್ಲೂ ಅವಳು ಕುರಿಗಳನ್ನು ಬೈಯುತ್ತಿರುವಂತೆಯೇ ಇದ್ದಳು.

ಮಾರ್ಚ್ ಬಂತು. ಮೊಮ್ಮಗಳು ಭಾಗ್ಯಾಳಿಗೆ ಪಿಯುಸಿ ಎರಡನೇ ವರ್ಷದ ಪರೀಕ್ಷೆ, ಸೆಂಟರು ಜಮಖಂಡಿಯಲ್ಲಿ. ಮೊದಲ ದಿನ, ಕುರಿಗಳಿಲ್ಲದ ಬಸ್ಸು ಮತ್ತೆ ಹಳೇ ಚಾಳಿಯಂತೆ ಫ್ಲೆಕ್ಸಿನ ಮುಂದೆಯೇ ನಿಲ್ಲದೆ ಹೋಯಿತು. ಹುಡುಗಿ ಯಾರದೋ ಹಾಲಿನ ಗಾಡಿ ಹತ್ತಿ, ತಡವಾಗಿ ಮುಟ್ಟಿ, ಅತ್ತು ಕರೆದು ಒಳಗೆ ಹೋದಳು.

"ಇನ್ನೊಮ್ಮೆ ಲೇಟಾದ್ರ ಒಳಗ ಬಿಡಂಗಿಲ್ಲ ಅಂದಾರ ಮುತ್ಯಾ. ನಾಡಿದ್ದ ಗಣಿತ ಐತಿ."

ಒಂಬತ್ತು ವರ್ಷ ನಗೆಯಾಡಿದ ಕೆಲಸ ಎಂಥದೆಂದು ಗಿರಮಲ್ಲಪ್ಪನಿಗೆ ಈಗ ತಿಳಿಯಿತು.

ಗಣಿತದ ದಿನ ಮುದುಕ ಆರಕ್ಕೇ ಎದ್ದ. ನೋಡಿದವರು ಜಡ್ಡೇನು, ಜ್ವರವೇನು ಎಂದು ಕೇಳಿದರು. ಕುರಿಗಳಂತೂ ಇಲ್ಲ. ಅವನು ಒಳಗೆ ಹೋಗಿ, ಮನೆದೇವರು ಬೀರಪ್ಪನ ಪೂಜೆಗೆ ಹಾಸುವ ಕರಿ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದ. ಅದನ್ನು ಚಪ್ಪಲಿ ಕಾಲಿನಲ್ಲಿ ಮೆಟ್ಟುವ ಧೈರ್ಯ ಆ ಭಾಗದಲ್ಲಿ ಯಾರಿಗೂ ಇಲ್ಲ. ದೇವರ ಕಂಬಳಿಯನ್ನು ಡಾಂಬರಿನ ಮೇಲೆ ಹಾಸುವುದು ತಪ್ಪು ಎಂದು ಅವನಿಗೂ ಗೊತ್ತಿತ್ತು. ಬೀರಪ್ಪ ಸಿಟ್ಟಾದರೆ ಬೋರವ್ವ ಈಗ ಅವನ ಹತ್ತಿರವೇ ಇದ್ದಾಳಲ್ಲ, ನೋಡಿಕೊಳ್ಳಲಿ ಎಂದುಕೊಂಡು ರಸ್ತೆಯ ನಡುವೆ ಹಾಸಿ ಕೂತೇಬಿಟ್ಟ.

ಬಸ್ಸು ಕಿರ್ರೆಂದು ನಿಂತಿತು. ಶಿವಾಜಿಯೂ ಬೀರಪ್ಪನ ಒಕ್ಕಲಿನವನೇ. ಕೆಳಗಿಳಿದವನು ಕಂಬಳಿ ಕಂಡವನೇ ಚಪ್ಪಲಿ ಬಿಟ್ಟು ದೂರ ನಿಂತ.

"ಏನ್ರಿ ಮುತ್ಯಾ ಇದು? ಆಯಿ ಎಲ್ಲದಾಳ್ರಿ? ಕುರಿ ಸುದ್ಧಾ ಕಾಣವಲ್ಲವು."

ಗಿರಮಲ್ಲಪ್ಪ ಫ್ಲೆಕ್ಸಿನ ಕಡೆ ಕೈ ತೋರಿಸಿದ. ಶಿವಾಜಿ ಮೂಲೆಯ ಫೋಟೋ ಹತ್ತಿರ ಹೋಗಿ ಬಗ್ಗಿ ನೋಡಿದ.

"ಅಯ್ಯ ಶಿವನ! ನಾ ಯಾರದೋ ಹುಟ್ಟಿದ ಹಬ್ಬ ಅನಕೊಂಡಿದ್ದೆನ್ರಿ."

ಅಷ್ಟರಲ್ಲಿ ಭಾಗ್ಯಾ ಗೆಳತಿಯರ ಜೊತೆ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತಿದ್ದಳು. ಶಿವಾಜಿ ತಲೆ ತಗ್ಗಿಸಿ ಬಂದು ಕಂಬಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಬೈಯಾಕ ಅಕಿ ಇರಲಿಲ್ಲ, ನಾ ಮರತೆ. ತಪ್ಪಾತ್ರಿ. ಅಕಿ ಬೈದಂಗ ಒಂದ ಸಲ ಬೈದಬಿಡ್ರಿ ಮುತ್ಯಾ, ಇನ್ನ ಮರಿಯೂದಿಲ್ಲ."

ಗಿರಮಲ್ಲಪ್ಪ ಎದ್ದು ನಿಂತ. ಒಂಬತ್ತು ವರ್ಷ ಹಾಸಿಗೆಯಲ್ಲೇ ಮಲಗಿ ಕೇಳಿದ ಮಾತು, ಬಾಯಿಪಾಠ ಇತ್ತು. ದನಿ ಎತ್ತಿದ.

"ಕಣ್ಣ ನೆತ್ತಿ ಮ್ಯಾಲ ಅದಾವೇನ ನಿಮಗ? ಸಾಲಿಗಿ ಹೋಗೊ..."

ಮುಂದೆ ಬರಲಿಲ್ಲ. ಮುದುಕ ಕಂಬಳಿಯ ಅಂಚು ಹಿಡಿದುಕೊಂಡು ಹಾಗೇ ನಿಂತ.

ಆಗ ಭಾಗ್ಯಾ ಕಿಟಕಿಯಿಂದ ಅರ್ಧ ಹೊರಗೆ ಬಂದು, ಥೇಟ್ ಬೋರವ್ವನ ದನಿಯಲ್ಲಿ ಕೂಗಿದಳು:

"ಹುಡುಗ್ಯಾರು ನಿಂತಾರ, ಕಾಣೂದಿಲ್ಲೇನ?"