ಬತ್ತೇರಿ ಬಸ್ಸಿನ ಮೆಹರಕ್ಕ

ಬೇರೆಯವರು ಕೊರಳಿಗೆ ತಾಯಿತ ಕಟ್ಟಿಕೊಂಡರೆ ನಮ್ಮ ಮೆಹರಕ್ಕ ಆಧಾರ್ ಕಾರ್ಡು ಕಟ್ಟಿಕೊಳ್ಳುತ್ತಿದ್ದಳು. ಪ್ಲಾಸ್ಟಿಕ್ ಕವರಿಗೆ ತೂತು ಮಾಡಿ, ಕಪ್ಪು ದಾರ ಪೋಣಿಸಿ, ಬುರ್ಖಾದ ಮೇಲೆ ಎದ್ದು ಕಾಣುವ ಹಾಗೆ ನೇತುಹಾಕಿಕೊಂಡು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಬರುವಳು. ಕಂಡಕ್ಟರು ಬಾಯಿ ತೆರೆಯುವ ಮೊದಲೇ ಕಾರ್ಡನ್ನು ಅವನ ಮೂಗಿಗೆ ಹಿಡಿದು "ಒಂದು ಲೇಡೀಸು" ಅನ್ನುವಳು. "ಎಲ್ಲಿಗಮ್ಮ?" ಎಂದು ಕೇಳಿದರೆ, "ಈ ಬಸ್ಸು ಎಲ್ಲಿಗಂಟ ಓಯ್ತದೋ ಅಲ್ಲಿಗಂಟ ಕೊಡಪ್ಪ" ಎಂದು ಗಂಭೀರವಾಗಿ ಹೇಳುವಳು. ಪಕ್ಕದಲ್ಲಿ ಕೂತ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲೆ ನಮ್ಮ ಕಡೆ ಬಸ್ಸು ಹತ್ತುವುದೆಂದರೆ ಕುಸ್ತಿಯೇ. ನಾನು ಭೀಮನಬೀಡಿನಿಂದ ಗುಂಡ್ಲುಪೇಟೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಚಾಮರಾಜನಗರದ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುವವಳು. ಬಸ್ಸು ಸ್ಟ್ಯಾಂಡಿನೊಳಕ್ಕೆ ತಿರುಗುವಾಗಲೇ ಅದರ ಜೊತೆ ಓಡಿ ಕಿಟಕಿಯಲ್ಲಿ ಬ್ಯಾಗು ಎಸೆದು ಸೀಟು ಹಿಡಿಯಬೇಕು. ಹಾಗೆ ಒಂದು ದಿನ ಎಸೆದ ನನ್ನ ಬ್ಯಾಗು ಹೋಗಿ ಇನ್ಯಾರದೋ ಬಟ್ಟೆಗಂಟಿನ ಮೇಲೆ ಬಿತ್ತು. ನುಗ್ಗಾಡಿ ಒಳಗೆ ಹೋದರೆ ಗಂಟಿನವಳು ಆಗಲೇ ಕೂತಿದ್ದಾಳೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಏಳ್ರೀ, ಸೀಟು ನಂದು" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ ಬ್ಯಾಗೂ ನನ್ ಗಂಟೂ ಒಂದ್ರ ಮೇಲೊಂದ್ ಕೂತವೆ, ಜಗಳ ಆಡ್ತಾ ಇಲ್ವಲ್ಲ. ನೀನೂ ಬಾ ಕಣಮ್ಮಿ, ಕೂತ್ಕೊ" ಎಂದು ಸರಿದು ಜಾಗ ಮಾಡಿದಳು. ಆವತ್ತಿಂದ ಯಾರು ಮೊದಲು ಬಂದರೆ ಅವರು ಇಬ್ಬರಿಗೂ ಸೀಟು ಹಿಡಿಯುವುದು ಅಂತಾಯಿತು.

ಗಂಟಿನಲ್ಲಿ ಇರುತ್ತಿದ್ದದ್ದು ಮದುವೆ ಬ್ಲೌಸುಗಳು. ಅವುಗಳ ತೋಳಿಗೆ, ಬೆನ್ನಿಗೆ ಮಣಿ ಮತ್ತು ಜರಿಯ ಕೆಲಸ ಮಾಡುವುದು ಮೆಹರಕ್ಕನ ಕಸುಬು. ಚಾಮರಾಜನಗರದ ಟೈಲರ್ ಅಂಗಡಿಯಿಂದ ವಾರಕ್ಕೊಮ್ಮೆ ಬಟ್ಟೆ ತಂದು ಮುಗಿಸಿ ಕೊಟ್ಟುಬರುತ್ತಿದ್ದಳು. ನವಿಲು ಕೂರಿಸಿದರೆ ಅದು ಕತ್ತು ತಿರುಗಿಸಿ ನೋಡಿದ ಹಾಗೆ ಇರುತ್ತಿತ್ತು. ಆದರೆ ಕೂಲಿ ಮಾತ್ರ ಅವಳ ಕೈಗೆ ಬರುತ್ತಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಗಂಡ ಬಾಬು ಭಾಯಿಯ ಫೋನಿಗೆ ಹೋಗಿ ಬೀಳುತ್ತಿತ್ತು. ಬಾಬು ಭಾಯಿ ಕುಡುಕನಲ್ಲ, ಹೊಡೆಯುವವನೂ ಅಲ್ಲ. ಅಕ್ಕಿ, ಬೇಳೆ, ಔಷಧಿ ಯಾವುದಕ್ಕೂ ಕಮ್ಮಿ ಮಾಡಿದವನಲ್ಲ. ಹೆಂಗಸಿನ ಕೈಗೆ ನೋಟು ಯಾಕೆ ಅನ್ನುವವನು, ಅಷ್ಟೆ.

"ಮೊದಲೆಲ್ಲ ಬಸ್ ಚಾರ್ಜಿಗೆ ಅಂತ ಅಂಗಡಿ ಮುಂದೆ ಓಗಿ ನಿಂತ್ಕೊಬೇಕಿತ್ತು" ಎಂದು ಹೇಳುತ್ತಿದ್ದಳು. "ಗಿರಾಕಿಗಳ ಎದುರ್ಗೇ ಎಲ್ಲಿಗೆ, ಯಾಕೆ, ಯಾವಾಗ ಬತ್ತೀಯ ಅಂತ ಕೇಳರು. ಈಗ ಕಾರ್ಡ್ ಇದ್ರೆ ಆಯ್ತು. ಈ ಕಂಡಕ್ಟರು ಎಲ್ಲಿಗೆ ಅಂತ ಕೇಳ್ತಾನೆ, ಯಾಕೆ ಅಂತ ಕೇಳಲ್ಲ ನೋಡು, ಅದ್ಕೇ ನಂಗಿಷ್ಟ."

ಹಾಗಾಗಿ ಬ್ಲೌಸು ಕೊಟ್ಟ ಮೇಲೆ ಅವಳು ಸೀದಾ ಮನೆಗೆ ಹೋಗುತ್ತಿರಲಿಲ್ಲ. ಸುಮ್ಮನೆ ಒಂದು ಬಸ್ಸು ಹತ್ತಿ ಕುದೇರಿಗೋ ಉಮ್ಮತ್ತೂರಿಗೋ ಹೋಗಿ, ಅಲ್ಲೊಂದು ಟೀ ಕೂಡ ಕುಡಿಯದೆ ಅದೇ ಬಸ್ಸಲ್ಲಿ ವಾಪಸ್ಸಾಗುವಳು. ಮಾರನೆ ವಾರ ನನಗೆ ವರದಿ ಒಪ್ಪಿಸುವಳು. "ಉಮ್ಮತ್ತೂರ್ ಬಸ್ಸು ಬುಡು, ಬಾಗ್ಲು ಹಗ್ಗದಲ್ಲಿ ಕಟ್ಟವ್ರೆ. ಸೀಟಲ್ಲಿ ಸ್ಪಂಜೇ ಇಲ್ಲ, ನನ್ ಯಜಮಾನ್ರ ಅಂಗಡಿಗೆ ತಕೊಂಡ್ ಬಂದ್ರೆ ತುಂಬ್ಸಿ ಕೊಡ್ತೀವಿ. ಮೈಸೂರ್ ಬಸ್ಸು ಮಾತ್ರ ರಾಜ. ದೊಡ್ ಊರಿಗೆ ದೊಡ್ ಬಸ್ಸು, ನಮ್ ಹಳ್ಳಿಗೆ ಅವ್ರು ಓಡ್ಸಿ ಬುಟ್ಟಿದ್ದು!" ಎಲ್ಲ ಬಸ್ಸಿಗೂ ಇದೇ ಸರ್ಕಾರ, ಇದೇ ಫ್ರೀ ಟಿಕೆಟ್ಟು. ಆದರೂ ನಮ್ಮೂರಿನ ಬಸ್ಸಿನಲ್ಲಿ ಒಂದು ಕಾಲು ಊರಿದರೆ ಇನ್ನೊಂದಕ್ಕೆ ಜಾಗ ಸಿಗುವುದಿಲ್ಲ ಅನ್ನುವುದು ಸತ್ಯವೇ ತಾನೆ.

ಒಂದು ಸಲ ನನ್ನನ್ನೂ ತಾಳವಾಡಿಗೆ ಎಳೆದುಕೊಂಡು ಹೋದಳು. ಅಲ್ಲಿನ ಮದುಮಗಳೊಬ್ಬಳಿಗೆ ಬ್ಲೌಸು ತಲುಪಿಸಬೇಕಿತ್ತು. ತಾಳವಾಡಿ ತಮಿಳುನಾಡಿಗೆ ಸೇರಿದ್ದು, ಆಚೆ ರಾಜ್ಯದ ಬಸ್ಸಿಗೆ ನಮ್ಮ ಫ್ರೀ ನಡೆಯುವುದಿಲ್ಲ. ಮೆಹರಕ್ಕ ಅದಕ್ಕೂ ಉಪಾಯ ಹುಡುಕಿದ್ದಳು. ನಮ್ಮ ಕಡೆಯ ಕೊನೆಯ ಊರಿನವರೆಗೆ ಫ್ರೀಯಲ್ಲಿ ಹೋಗಿ ಇಳಿದು, ಗಡಿಯನ್ನು ನಡೆದೇ ದಾಟಿದೆವು. ಆಚೆ ಒಂದು ಬಸ್ಸು ಬಂತು. ಇವಳು ಕಾರ್ಡು ಎತ್ತಿ ಹಿಡಿದರೆ ಆ ಕಂಡಕ್ಟರು ನೋಡಲೇ ಇಲ್ಲ, ಅಲ್ಲಿಯೂ ಊರ ಬಸ್ಸು ಹೆಂಗಸರಿಗೆಲ್ಲ ಫ್ರೀಯಂತೆ, ಸುಮ್ಮನೆ ಫ್ರೀ ಟಿಕೆಟ್ಟು ಹರಿದು ಕೊಟ್ಟ. ಮೆಹರಕ್ಕನಿಗೆ ಆದ ಖುಷಿ ಅಷ್ಟಿಷ್ಟಲ್ಲ. "ನೋಡ್ದೇನಮ್ಮಿ, ಯಾವೂರು ಅಂತಾನೂ ಕೇಳ್ಲಿಲ್ಲ. ಎಂಗ್ಸು ಅಂದ್ರೆ ಸಾಕಂತೆ!" ದಾರಿಯುದ್ದಕ್ಕೂ ಅದನ್ನೇ ಹೇಳಿದಳು. ಆ ಖುಷಿಯೇ ಆಮೇಲೆ ಅವಳನ್ನು ಕೆಡಿಸಿತು.

ಇಷ್ಟು ತಿರುಗುವವಳಿಗೆ ಹೋಗಲೇಬೇಕಾದ ಊರೆಂದು ಇದ್ದದ್ದು ಒಂದೇ. ಕೇರಳದ ಸುಲ್ತಾನ್ ಬತ್ತೇರಿ. ಒಬ್ಬಳೇ ಮಗಳು ನಾಜಿಮಾ ಅಲ್ಲಿದ್ದಳು. ಫ್ರಿಜ್ಜು ರಿಪೇರಿಗೆ ಬಂದ ಬತ್ತೇರಿ ಹುಡುಗನನ್ನು ಮೆಚ್ಚಿ ಹಟ ಹಿಡಿದು ನಿಕಾ ಮಾಡಿಕೊಂಡಿದ್ದಳು. ಅಣ್ಣನ ಮಗನಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಬಾಬು ಭಾಯಿ, "ಆ ದಾರಿಗೆ ಈ ಮನೆಯಿಂದ ಯಾರೂ ಹೋಗಕೂಡದು" ಅಂದುಬಿಟ್ಟ. ಈಗ ಮಗಳಿಗೆ ಚೊಚ್ಚಲ ಬಸುರು. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಆಗಬೇಕು. ಕರೆತರುವುದಿರಲಿ, ನೋಡಿಬರಲೂ ಅಪ್ಪಣೆಯಿಲ್ಲ. "ಬೀದರ್‌ಗಂಟ ಫ್ರೀಯಾಗಿ ಓಗಬೋದು ಕಣಮ್ಮಿ. ಅಲ್ಲಿ ನಂಗ್ಯಾರವ್ರೆ? ಕಾಡ್ ದಾಟಿದ್ರೆ ಸಿಗೋ ಮಗಳ ತಾವ್ಕೆ ಓಗಕ್ಕಾಗಲ್ವಲ್ಲ" ಎಂದು ಬಸ್ಸಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ನಾನು ದುಡ್ಡು ಕೊಡುತ್ತೇನೆ ಅಂದೆ. "ನಾನೂ ದುಡೀತೀನಿ. ಸಾಲ ಮಾಡ್ಕೊಂಡ್ ಮಗಳ ಬಾಣಂತನಕ್ಕೆ ಓಗಲ್ಲ" ಎಂದು ನನ್ನ ಕೈ ಸರಿಸಿದಳು. ಒಳ್ಳೆ ಕತೆಯಾಯ್ತಲ್ಲ ಇವಳದು ಎಂದು ಸಿಟ್ಟೇ ಬಂತು ನನಗೆ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಕೇರಳದ ಬಸ್ಸು ಹತ್ತಿದಳು. ತಮಿಳುನಾಡಿನವರು ಕಾರ್ಡೂ ಕೇಳದೆ ಫ್ರೀ ಕೊಟ್ಟರಲ್ಲ, ಕೇರಳದವರೂ ಕೊಟ್ಟೇ ಕೊಡುತ್ತಾರೆ ಎಂದು ಅವಳ ಲೆಕ್ಕ. ಊರು ದಾಟಿದ ಮೇಲೆ ಕಂಡಕ್ಟರು ಬಂದು "ಎವಿಡೇಕ್ಕಾ ಚೇಚ್ಚಿ?" ಎಂದು ಮಲಯಾಳದಲ್ಲಿ ಎಲ್ಲಿಗೆ ಅಂತ ಕೇಳಿದ. ಇವಳು ಠೀವಿಯಿಂದ ಕಾರ್ಡು ತೋರಿಸಿದಳು. ಅವನು ಪಾಪ ಒಳ್ಳೆಯವನೇ, ನಮ್ಮಲ್ಲಿ ಫ್ರೀ ಇಲ್ಲ ಎಂದು ಅರ್ಧ ಕನ್ನಡದಲ್ಲಿ ತಿಳಿಸಿ ಹೇಳಿದ. "ಹಂಗಾರೆ ಗಡೀಲಿ ಇಳ್ಸಪ್ಪ, ಆಚೆಗೆ ನಡ್ಕೊಂಡ್ ಓಯ್ತೀನಿ" ಅಂದಳು ಇವಳು. ಬಸ್ಸಿಗೆ ಬಸ್ಸೇ ನಕ್ಕಿತಂತೆ. ತಾಳವಾಡಿ ಗಡಿ ಬೇರೆ, ಈ ಗಡಿ ಬೇರೆ. ಇಲ್ಲಿ ಎರಡು ರಾಜ್ಯದ ನಡುವೆ ಹುಲಿ ಆನೆಗಳ ಕಾಡಿದೆ, ಕಾಲಿಟ್ಟು ನಡೆಯಲು ಯಾರನ್ನೂ ಬಿಡುವುದಿಲ್ಲ.

ನಮ್ಮ ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಿನ ಗೇಟಿನಲ್ಲಿ ಇಳಿದಳು. ಗೇಟಿನವರು ಮುಂದಕ್ಕೆ ಬಿಡಲಿಲ್ಲ. ವಾಪಸ್ಸು ಬರೋಣವೆಂದರೆ ಬರುವುದೆಲ್ಲ ಆಚೆ ರಾಜ್ಯದಿಂದ ಬರುವ ಬಸ್ಸು, ಅವಕ್ಕೂ ದುಡ್ಡು ಬೇಕು. ನಮ್ಮ ಹಳ್ಳಿ ಬಸ್ಸು ಮಧ್ಯಾಹ್ನ ಕಳೆದರೂ ಬರಲಿಲ್ಲ. ಮಗಳಿಗೆಂದು ಮಾಡಿದ್ದ ಖೀರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಕ್ಕೂ ಇಲ್ಲದೆ ಹಿಂದಕ್ಕೂ ಇಲ್ಲದೆ ಬಿಸಿಲಲ್ಲಿ ಕೂತಿದ್ದಳಂತೆ. ಆಮೇಲೆ ಇದನ್ನು ನನಗೆ ಹೇಳುವಾಗ ಅವಳು ನಗುತ್ತಿದ್ದಳು. ಹಾಸಿಗೆ ಅಂಗಡಿಗೆ ಹತ್ತಿ ಹಾಕುವ ಟೆಂಪೋದವನು ಆ ದಾರಿಯಲ್ಲಿ ಬಂದು, ಗುರುತು ಹಿಡಿದು, ಹತ್ತಿಸಿಕೊಂಡು ತಂದು ಸೀದಾ ಅಂಗಡಿ ಮುಂದೆಯೇ ಇಳಿಸಿದ. ಅವನದು ಉಪಕಾರವೇ, ಆದರೆ ಕೆಲಸ ಕೆಟ್ಟಿತು.

ಬಾಬು ಭಾಯಿ ಕೂಗಾಡಲಿಲ್ಲ. ಬ್ಯಾಂಕಿನಲ್ಲಿ ಕೆಲಸವಿದೆ ಎಂದು ಅವಳ ಕಾರ್ಡನ್ನು ಇಸಿದುಕೊಂಡು ಅಂಗಡಿಯ ಗಲ್ಲಾದೊಳಗೆ ಹಾಕಿ ಬೀಗ ತಿರುಗಿಸಿದ, ಅಷ್ಟೆ. ಆಮೇಲೆ ಅವಳು ಬಸ್ ಸ್ಟ್ಯಾಂಡಿಗೆ ಬರುವುದೇ ನಿಂತಿತು. ಬ್ಲೌಸಿನ ಗಂಟನ್ನು ನಾನೇ ಅವಳ ಮನೆಯಿಂದ ಒಯ್ದು ಟೈಲರ್ ಅಂಗಡಿಗೆ ಕೊಟ್ಟು ಬರತೊಡಗಿದೆ. ಹೋದಾಗಲೆಲ್ಲ ಕಿಟಕಿ ಪಕ್ಕ ಕೂತು ಮಣಿ ಪೋಣಿಸುತ್ತಿರುವಳು. "ಯಾವ್ ಬಸ್ಸಲ್ ಬಂದೆ? ಸೀಟ್ ಸಿಕ್ತಾ?" ಎಂದು ಕೇಳುವಳು. ನಾಜಿಮಾಗೆ ದಿನ ತುಂಬುತ್ತಿತ್ತು.

ಕೊನೆಗೊಂದು ದಿನ ಅವಳೇ ಹೇಳಿದಳು, "ಅಂಗಡಿ ಅಮ್ಮಂಗೆ ಏಳು ಕಣಮ್ಮಿ, ಈ ಸಲದ ಕೂಲಿ ಫೋನಿಗ್ ಬ್ಯಾಡ, ಕೈಗ್ ಕೊಡ್ಲಿ."

ಟೈಲರ್ ಅಂಗಡಿಯ ಅಮ್ಮ ಹಿಂದೆ ಮುಂದೆ ನೋಡಿದಳು. "ಬಾಬು ಭಾಯಿ ಕೇಳಿದರೆ ನಾನೇನು ಹೇಳಲಿ?" ಅಂದಳು. ನನ್ನ ಪಿತ್ತ ನೆತ್ತಿಗೇರಿತು. "ಸೂಜಿ ಹಿಡಿದದ್ದು ಬಾಬು ಭಾಯಿಯಾ? ಕಣ್ಣು ಹಾಳುಮಾಡಿಕೊಂಡದ್ದು ಬಾಬು ಭಾಯಿಯಾ? ಕೇಳಿದರೆ ನಾನೇ ಬಂದು ಕಿತ್ತುಕೊಂಡು ಹೋದೆ ಅಂತ ಹೇಳಿ" ಎಂದು ಅಂಗಡಿಯ ಸೂರು ಹಾರಿಹೋಗುವ ಹಾಗೆ ಕೂಗಿದೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಮ್ಮ ಕೊಟ್ಟಳು.

ಮಾರನೆ ಬೆಳಿಗ್ಗೆ ಬಾಬು ಭಾಯಿ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಮೆಹರಕ್ಕ ಬಸ್ ಸ್ಟ್ಯಾಂಡಿನಲ್ಲಿದ್ದಳು. ಬತ್ತೇರಿ ಬಸ್ಸು ಬಂತು. ಅಭ್ಯಾಸದಂತೆ ನಾನು ಓಡಿಹೋಗಿ ಕಿಟಕಿಯಲ್ಲಿ ಬ್ಯಾಗು ಎಸೆದೆ. ನೋಡಿದರೆ ಒಳಗೆ ಸೀಟೆಲ್ಲ ಖಾಲಿ! ದುಡ್ಡು ಕೊಟ್ಟು ಹೋಗುವ ಬಸ್ಸಿಗೆ ಕುಸ್ತಿ ಬೇಕಿರಲಿಲ್ಲ. ಇಬ್ಬರೂ ನಕ್ಕೆವು. ಅವಳು ಕಿಟಕಿ ಪಕ್ಕ ಕೂತು, ಕಂಡಕ್ಟರಿಗೆ ನೋಟು ಕೊಟ್ಟು, ಟಿಕೆಟ್ಟನ್ನು ನನಗೆ ಎತ್ತಿ ತೋರಿಸಿದಳು. "ಯಾರ್ನೂ ಕೇಳ್ದೆ ಕೊಟ್ಟ ದುಡ್ಡು ಕಣಮ್ಮಿ" ಅಂದಳು. ನನಗೆ ಅಳು ಬಂತು. ಬಸ್ಸು ಹೊರಟಿತು. ನಾನು ಅವಳನ್ನು ಕಣ್ಣಾರೆ ನೋಡಿದ್ದು ಅದೇ ಕೊನೆ.

ಅವಳು ಮುಟ್ಟಿದ ವಾರದಲ್ಲೇ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಎಣ್ಣೆ ನೀರು, ಪಥ್ಯ ಎಲ್ಲ ಅವಳೇ ನೋಡಿಕೊಂಡಳು. ಬಾಬು ಭಾಯಿ ಮಾತ್ರ ಫೋನಿನಲ್ಲಿ ಒಂದೇ ಮಾತು ಹೇಳಿ ಇಟ್ಟನಂತೆ, ಹೋದವಳು ಅಲ್ಲೇ ಇರಲಿ ಅಂತ. ನಾನು ಅಂಗಡಿಗೇ ಹೋಗಿ ಮಾತಾಡಿ ನೋಡಿದೆ. ಅವನು ಹತ್ತಿ ಬಡಿಯುತ್ತಲೇ ಇದ್ದ, ತಲೆ ಎತ್ತಲಿಲ್ಲ.

ಮೊನ್ನೆ ಮಗಳ ಫೋನಿಂದ ಮೆಹರಕ್ಕ ಮಾತಾಡಿದಳು. ಬಾಣಂತನ ಮುಗಿದಿದೆ, ಮನೆ ಸಣ್ಣದು, ಯಾವಾಗ ಹೊರಡುತ್ತೀರಿ ಎಂದು ಅಳಿಯನ ತಾಯಿ ನಯವಾಗಿ ಕೇಳುತ್ತಿದ್ದಾಳಂತೆ. "ನಮ್ಮನೆಗೆ ಬಂದ್ಬುಡಕ್ಕ" ಅಂದೆ. "ನಿಮ್ಮತ್ತೆ ಒಳಕ್ ಬುಟ್ಕಂಡಾಳಾ?" ಎಂದು ನಕ್ಕಳು. ನಮ್ಮತ್ತೆ ಬೇರೆ ಜಾತಿಯವರನ್ನು ಹೊಸಿಲು ದಾಟಿಸುವವಳಲ್ಲ, ಅದು ಮೆಹರಕ್ಕನಿಗೂ ಗೊತ್ತು. ಆಮೇಲೆ ಹೇಳಿದಳು:

"ಇಲ್ಲಿ ಬಸ್ಸು ಟೈಮಿಗ್ ಸರ್ಯಾಗಿ ಬತ್ತದೆ ಕಣಮ್ಮಿ. ಗುಂಡ್ಲುಪೇಟೆ ಅಂತ ಬೋರ್ಡ್ ಆಕ್ಕೊಂಡು ದಿನಾ ಮನೆ ಮುಂದೇನೇ ಓಯ್ತದೆ. ಕೈ ತೋರ್ಸಿದ್ರೆ ನಿಲ್ಲಿಸ್ತಾನೆ, ಸೀಟೂ ಇರ್ತದೆ. ಹತ್ತುದ್ ಮೇಲೆ ಎಲ್ಲಿಗಮ್ಮ ಅಂತ ಕೇಳಿದ್ರೆ ಯಾವೂರ್ ಏಳ್ಲಿ?"